ನೀರೊಳಗಿನ ಊರಿಗೆ

ಕೃಷ್ಣಾನದಿಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದಕ್ಕೆ ಅಡಿಗಲ್ಲನ್ನಿಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. 26 ಬಾಗಿಲುಗಳ ಆ ಕಟ್ಟೆಯ ಹಿಂದೆ ನಿಂತ ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗವೂ ದಂಡೆಯ ಎಷ್ಟೋ ಹಳ್ಳಿಗಳೂ ಮುಳುಗಿದವು. ನಮ್ಮ ಹಿರಿಯರ ಊರೂ ಅವುಗಳಲ್ಲೊಂದು. ಕಳೆದ ಮೇ ತಿಂಗಳಲ್ಲಿ ಕಚೇರಿಗೆ ನಾಲ್ಕು ದಿನದ ರಜೆ ಹಾಕಿ, ತಂದೆಯವರನ್ನು ಕರೆದುಕೊಂಡು ನಾವು ಅಲ್ಲಿಗೆ ಹೋಗಿಬಂದೆವು.

ಪ್ರವಾಸಕ್ಕೆ ಕಾರಣ ತಂದೆಯವರ ಕಾಯಿಲೆ. ಪುಣೆಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ಅವರಿಗೆ ಎರಡು ವರ್ಷಗಳಿಂದ ನಿದ್ರೆಯಿಲ್ಲ, ಊಟ ಬೇಡ, ಮಾತು ಬೇಡ. ಮನೋವೈದ್ಯರು ಇದು ಖಿನ್ನತೆಯೆಂದು ಹೇಳಿ ಗುಳಿಗೆ ಕೊಟ್ಟರು. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬರ ಬಳಿಗೂ ಕಳಿಸಿದರು. ಆ ತಾಯಿ ಒಂದು ದಿನ ತಂದೆಯವರಿಂದ ಮೂರು ತಲೆಮಾರಿನ ನಕ್ಷೆಯನ್ನು ಬರೆಯಿಸಿದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಯಾರಿಗೆ ಯಾವ ಜಡ್ಡು ಇತ್ತು, ಯಾರೊಡನೆ ಯಾರು ಮಾತು ಬಿಟ್ಟಿದ್ದರು ಎಂಬುದೆಲ್ಲ ಅದರಲ್ಲಿ ಬರಬೇಕು. ಕುಟುಂಬ ಚಿಕಿತ್ಸೆಯಲ್ಲಿ ಇದಕ್ಕೆ ಜೀನೋಗ್ರಾಮ್ ಎನ್ನುವರಂತೆ. ತಂದೆಯವರ ಅಜ್ಜಿಯ ವೃತ್ತ ಮಾತ್ರ ಬರಿದಾಗಿ ಉಳಿಯಿತು. ಆಕೆ ಇವರು ಹುಟ್ಟುವ ಮೊದಲೇ ತೀರಿಕೊಂಡವಳು. ಮನೆಯಲ್ಲಿ ಯಾರೂ ಆಕೆಯ ಹೆಸರೆತ್ತುತ್ತಿರಲಿಲ್ಲ. ಗುಮಾಸ್ತಗಿರಿಯ ನಮಗೆ ಖಾಲಿ ಬಿಟ್ಟ ಕಲಮು ಕಂಡರೆ ಸಮಾಧಾನವಿಲ್ಲ. "ಊರಿನಲ್ಲಿ ಕೇಳಿಬನ್ನಿ, ಗುಳಿಗೆ ಮಾತ್ರ ನಿಲ್ಲಿಸಬೇಡಿ" ಎಂದರು ಆ ತಾಯಿ.

ಸೊಲ್ಲಾಪುರ, ವಿಜಯಪುರ ದಾಟಿ ಆಲಮಟ್ಟಿಯಲ್ಲಿ ಇಳಿದು ಟಂಟಂ ಹಿಡಿದೆವು. ಬೇಸಿಗೆಯಾದ್ದರಿಂದ ನೀರು ಬಹಳ ಇಳಿದಿತ್ತು. ತಂದೆಯವರು ದಂಡೆಯಲ್ಲಿ ನಿಂತು, "ಅಲ್ಲಿ ಅಗಸಿ, ಅದರ ಎಡಕ್ಕ ನಮ್ಮ ಮನಿ" ಎಂದು ಬೆರಳು ಮಾಡಿದರು. ನಮ್ಮ ಕಣ್ಣಿಗೆ ಕಂಡದ್ದು ಬಿರಿದ ಕೆಸರು, ನಾಲ್ಕಾರು ಕಲ್ಲು. ಆದರೂ ಎರಡು ವರ್ಷಗಳಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಅಲ್ಲಿಂದ ಪುನರ್ವಸತಿ ಕೇಂದ್ರದಲ್ಲಿರುವ ಚಿಕ್ಕಪ್ಪನ ಮನೆಗೆ ಹೋದೆವು. ಅವರು ಹೇಳಿಕಳಿಸಿದ್ದರಿಂದ ನಮ್ಮ ಮನೆತನದ ಹೆಳವರು ಬಂದಿದ್ದರು. ಹಿಂದೆ ಇವರು ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರೂರು ತಿರುಗಿ, ಮನೆತನಗಳ ವಂಶಾವಳಿ ಹೇಳಿ ಕಾಳುಕಡಿ ಪಡೆಯುತ್ತಿದ್ದರು. ಇವರು ಬಂದದ್ದು ಮೋಟಾರ್ ಸೈಕಲ್ಲಿನ ಮೇಲೆ. ಚೋಪಡಿ ಬಿಚ್ಚಿ ಏಳು ತಲೆಮಾರು ಓದಿದರು. ಊರು ಮುಳುಗಿದರೂ ಚೋಪಡಿ ಮುಳುಗಿರಲಿಲ್ಲ! ತಂದೆಯವರ ಅಜ್ಜಿಯ ಹೆಸರು ಮಾತ್ರ ಅದರಲ್ಲಿರಲಿಲ್ಲ.

ಅದನ್ನು ಹೇಳಿದವರು ತಂದೆಯವರ ಸೋದರತ್ತೆ. ತೊಂಬತ್ತು ದಾಟಿದ ಆ ಹಿರಿಯಳು ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದಳು.

"ಅಕಿ ನಮ್ಮವ್ವ, ನೀಲವ್ವ. ನಿಮ್ಮಪ್ಪ ಸಣ್ಣಾವಿದ್ದಾಗ ಅಕಿಗೂ ಹಿಂಗ ಆಗಿತ್ತಪಾ. ನಿದ್ದಿ ಇಲ್ಲ, ಕೂಳಿಲ್ಲ. ಗ್ವಾಡಿ ನೋಡಕೋತ ಕುಂದರತಿದ್ಲು. ಮಂದಿ ಗಾಳಿ ಬಡದೈತಿ ಅಂದ್ರು. ಬಾಜೂ ಕುಂತು ಏನಾತು ಅಂತ ಒಬ್ಬರೂ ಕೇಳಲಿಲ್ಲ."

ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ನನಗೊಬ್ಬಾವ್ಗ ಹಿಂಗಾಗೇತಿ ಅಂತ ತಿಳಿದಿದ್ದೆ, ಅತ್ತಿ" ಎಂದರು. ಮುದುಕಿ ಅವರ ಕೈಯನ್ನು ತನ್ನ ಮಡಿಲಿಗೆಳೆದುಕೊಂಡಳು.

ಮರುದಿನ ಕೂಡಲಸಂಗಮಕ್ಕೆ ಹೋದೆವು. ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಅದರ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಿ ದರ್ಶನ ಮಾಡಬೇಕು. ತಂದೆಯವರು ಯಾರ ಕೈಯನ್ನೂ ಹಿಡಿಯದೆ ಇಳಿದರು.

ಪುಣೆಗೆ ಮರಳಿದ ಮೇಲೆ ವೈದ್ಯರು ನೀಲವ್ವನ ಸಂಗತಿಯನ್ನು ಕೇಳಿ ಬರೆದುಕೊಂಡರು. ಖಿನ್ನತೆ ಕೆಲವು ಮನೆತನಗಳಲ್ಲಿ ಮರುಕಳಿಸುವುದುಂಟು. ಹಾಗೆಂದು ಅದು ಹಣೆಬರಹವಲ್ಲ, ಚಿಕಿತ್ಸೆಗೆ ಬಗ್ಗುವ ಜಡ್ಡೇ ಎಂದು ನಮಗೆ ತಿಳಿಸಿ ಹೇಳಿದರು. ತಂದೆಯವರು ಪೂರ್ತಿ ಗುಣವಾಗಿದ್ದಾರೆಂದು ನಾವು ಹೇಳಲಾರೆವು. ಗುಳಿಗೆ ನಡೆದಿದೆ, ಮಾತುಕತೆಯೂ ನಡೆದಿದೆ. ಆದರೆ ತಮ್ಮ ಜಡ್ಡಿಗೆ ಅವರು ಈಗ ನಾಚುವುದಿಲ್ಲ. ರಾತ್ರಿ ಎಚ್ಚರವಾದರೆ ನಮ್ಮನ್ನು ಕೂಗುತ್ತಾರೆ.

ಪರಊರಿನಲ್ಲಿ ನೆಲೆಸಿದ ನಮ್ಮಂಥವರು ರಜೆಯಲ್ಲಿ ಊರಿಗೆ ಹೋದಾಗ ಹೊಲ, ಗುಡಿ, ಜಾತ್ರೆ ನೋಡಿ ಬರುವುದುಂಟು. ಹಾಗೆ ಹೋದಾಗ ಹಿರಿಯರ ಬಳಿ ಒಂದು ಗಳಿಗೆ ಕುಳಿತು, ಮನೆಯಲ್ಲಿ ಹೆಸರೆತ್ತದವರು ಯಾರು, ಏಕೆ ಎತ್ತುವುದಿಲ್ಲ ಎಂದು ಕೇಳಿಬನ್ನಿರಿ. ನಮ್ಮ ಮನೆಯ ಹಾಳೆಯಲ್ಲಿ ಬರಿದಾಗಿದ್ದ ವೃತ್ತದಲ್ಲಿ ತಂದೆಯವರೇ ತಮ್ಮ ಕೈಯಾರೆ 'ನೀಲವ್ವ' ಎಂದು ಬರೆದಿದ್ದಾರೆ.