ಗುರು, ಲಘು, ಗುರು, ಗುರು

ತಾಳ ಹಾಕುವುದು ಒಂದು ಚಟ. ಅದಕ್ಕೆ ವಾದ್ಯವೇ ಬೇಕೆಂದಿಲ್ಲ. ತೊಡೆ ಸಾಕು, ಊಟದ ತಟ್ಟೆಯ ಅಂಚು ಸಾಕು, ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಾಗ ಸ್ಟೀರಿಂಗ್ ಸಾಕು. ಈ ಚಟ ಹತ್ತಿದವರು ಮೆರವಣಿಗೆಯ ತಮಟೆ ಕಂಡರೆ ಬಸ್ಸು ತಪ್ಪಿಸಿಕೊಂಡು ನಿಲ್ಲುತ್ತಾರೆ, ಹೊಲಿಗೆ ಯಂತ್ರದ ಸದ್ದಿಗೂ ಬೆರಳು ಮಡಚುತ್ತಾರೆ. ನಾನೂ ಆ ಪೈಕಿಯವನೇ. ಹುಡುಗನಾಗಿದ್ದಾಗ ಮೃದಂಗದ ಪಾಠಕ್ಕೆ ಹೋಗಿದ್ದೆ. ಕೈ ಕುದುರಲಿಲ್ಲ, ಎಣಿಕೆ ಮಾತ್ರ ಉಳಿಯಿತು. ಆ ಎಣಿಕೆಯೇ ಮುಂದೆ ನನ್ನನ್ನು ಕೆನಡಾದ ಮೂವರ ಹತ್ತಿರ ಕರೆದುಕೊಂಡು ಹೋಯಿತು.

ಆ ತಂಡದ ಹೆಸರು ರಶ್. 1968ರಲ್ಲಿ ಟೊರಾಂಟೊದ ವಿಲ್ಲೋಡೇಲ್ ಎಂಬಲ್ಲಿ ಹುಟ್ಟಿದ್ದು. ಗಿಟಾರ್ ಅಲೆಕ್ಸ್ ಲೈಫ್‌ಸನ್ ಅವರದು. ಗೆಡ್ಡಿ ಲೀ ಬಾಸ್ ಗಿಟಾರ್ ನುಡಿಸುತ್ತ ಹಾಡುತ್ತಾರೆ, ಸಾಲದ್ದಕ್ಕೆ ಕೀಬೋರ್ಡೂ ಅವರದೇ, ಕಾಲ ಕೆಳಗೆ ಪೆಡಲುಗಳೂ ಅವರವೇ. 1974ರ ಜುಲೈ ಕೊನೆಯಲ್ಲಿ ಬಂದು ಸೇರಿದ ನೀಲ್ ಪಿಯರ್ಟ್ ಅವರದು ಡ್ರಮ್ಸ್. ಹಾಡುಗಳ ಸಾಹಿತ್ಯವನ್ನು ಬರೆಯುತ್ತಿದ್ದವರೂ ಅವರೇ, ಮೃದಂಗದವರೇ ಕೀರ್ತನೆಯನ್ನೂ ರಚಿಸಿಕೊಟ್ಟ ಹಾಗೆ. ಗೆಡ್ಡಿ ಲೀಯ ಕಂಠ ತಾರಸ್ಥಾಯಿಯಲ್ಲೇ ಮನೆ ಮಾಡಿಕೊಂಡದ್ದು. ಮೊದಲ ಸಲ ಕೇಳಿದವರ ಹುಬ್ಬು ಮೇಲೇರುತ್ತದೆ. ನಮ್ಮ ಮನೆಯಲ್ಲಿ ಆ ದನಿ ಎದ್ದರೆ ಕೋಣೆಯ ಬಾಗಿಲು ಹೊರಗಿನಿಂದ ಮುಚ್ಚಿಕೊಳ್ಳುತ್ತದೆ.

ನನ್ನನ್ನು ಕಟ್ಟಿಹಾಕಿದ್ದು ದನಿಯಲ್ಲ, ಮಾತಿಲ್ಲದ ಒಂದು ಹಾಡು. 1981ರ 'ಮೂವಿಂಗ್ ಪಿಕ್ಚರ್ಸ್' ಆಲ್ಬಮ್ಮಿನಲ್ಲಿರುವ 'ವೈವೈಜೆಡ್'. ಇದು ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರ. ಆ ಮೂರು ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ಮಿಡಿದರೆ ಬರುವ ಲಯವೇ ಹಾಡಿನ ಆರಂಭ. ಮೋರ್ಸ್‌ನ ಗೆರೆಯನ್ನು ಗುರು ಎಂದೂ ಚುಕ್ಕೆಯನ್ನು ಲಘು ಎಂದೂ ಇಟ್ಟುಕೊಂಡು ಹೈಸ್ಕೂಲಿನಲ್ಲಿ ಹಾಕುತ್ತಿದ್ದಂತೆ ಪ್ರಸ್ತಾರ ಹಾಕಿ ನೋಡಿ. ಗುರು, ಲಘು, ಗುರು, ಗುರು: ರಗಣದ ಮೇಲೊಂದು ಗುರು, ಏಳು ಮಾತ್ರೆ. ಮತ್ತೊಮ್ಮೆ ಅದೇ, ಮತ್ತೆ ಏಳು. ಆಮೇಲೆ ಗುರು, ಗುರು, ಲಘು, ಲಘು: ತಗಣದ ಮೇಲೊಂದು ಲಘು, ಆರು. ಒಟ್ಟು ಇಪ್ಪತ್ತು. ನಾಲ್ಕರ ನಡೆಯಲ್ಲಿ ಎಣಿಸಿದರೆ ಸರಿಯಾಗಿ ಐದು ಪೆಟ್ಟಿಗೆ ಬಂದು ಕೂರುತ್ತದೆ. ಕೆನಡಾದ ರಾಕ್ ತಂಡವೊಂದು ನಮ್ಮ ಪ್ರಸ್ತಾರಕ್ಕೆ ಇಷ್ಟು ಚೊಕ್ಕವಾಗಿ ಒಗ್ಗುತ್ತದೆಂದು ಯಾವ ಕನ್ನಡ ಮೇಷ್ಟ್ರೂ ಹೇಳಿರಲಿಲ್ಲ. ಅದೇ ಆಲ್ಬಮ್ಮಿನ 'ಟಾಮ್ ಸಾಯರ್' ಹಾಡಿನ ನಡುವೆ ಕೀಬೋರ್ಡು ಏಳರ ಲೆಕ್ಕಕ್ಕೆ ಹೊರಳುತ್ತದೆ. ನಾನು ಅದಕ್ಕೆ ತಕಿಟ ತಕಧಿಮಿ ಎಂದು ಮಿಶ್ರಚಾಪು ಹಾಕುತ್ತೇನೆ, ತಕರಾರಿಲ್ಲದೆ ಕೂರುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಹೇಳಿಬಿಡಬೇಕು. ನಮ್ಮ ಸಭೆಗಳಲ್ಲಿ ತನಿ ಆವರ್ತನ ಶುರುವಾದ ಕೂಡಲೇ ಹಿಂದಿನ ಸಾಲುಗಳು ಕಾಫಿಗೆ ಏಳುತ್ತವೆ. ರಶ್ ಕಛೇರಿಯಲ್ಲಿ ಪಿಯರ್ಟ್ ಒಬ್ಬರೇ ಬಾರಿಸಲು ಶುರುಮಾಡಿದರೆ ಯಾರೂ ಕದಲುತ್ತಿರಲಿಲ್ಲ. ಸಾವಿರಾರು ಜನ ಗಾಳಿಯಲ್ಲಿ ಕೈಯಾಡಿಸುತ್ತ ಅವರ ಒಂದೊಂದು ಪೆಟ್ಟನ್ನೂ ತಾವೇ ಹೊಡೆಯುತ್ತಿದ್ದರು. ಮೃದಂಗದವರ ಕಡೆಯವನಾಗಿ ನನಗೆ ಇದರಲ್ಲಿ ತುಸು ಹೊಟ್ಟೆಕಿಚ್ಚಿದೆ.

ರಶ್ ಭಾರತಕ್ಕೆ ಬರಲೇ ಇಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹೋದವು, ಇವರ ಸುದ್ದಿಯಿಲ್ಲ. ಹಾಗಾಗಿ ಅವರ ಕೊನೆಯ ಪ್ರವಾಸವನ್ನೂ ನಾನು ಪರದೆಯ ಮೇಲೆ ನೋಡಿದವನು. ಪಿಯರ್ಟ್ ಸೇರಿ ನಲವತ್ತು ವರ್ಷ ತುಂಬಿದ ನೆನಪಿಗೆ 'ಆರ್40' ಎಂದು ಹೆಸರಿಟ್ಟಿದ್ದ ಆ ಪ್ರವಾಸ 2015ರ ಮೇ 8ರಂದು ಅಮೆರಿಕದ ಟಲ್ಸಾದಲ್ಲಿ ಶುರುವಾಗಿ, 35 ಪ್ರದರ್ಶನ ನೀಡಿ, ಆಗಸ್ಟ್ 1ರಂದು ಲಾಸ್ ಏಂಜಲೀಸ್‌ನ ಫೋರಂ ಸಭಾಂಗಣದಲ್ಲಿ ಮುಗಿಯಿತು. ವಿದಾಯದ ಪ್ರವಾಸ ಎಂದು ಅವರು ಡಂಗುರ ಸಾರಲಿಲ್ಲ. ಇಷ್ಟು ದೊಡ್ಡ ಪ್ರಮಾಣದಲ್ಲಿ ಬಹುಶಃ ಇದೇ ಕೊನೆ ಎಂದಷ್ಟೇ ಹೇಳಿದ್ದರು. ರಾಕ್ ಲೋಕದಲ್ಲಿ ವಿದಾಯ ಒಳ್ಳೆಯ ವ್ಯಾಪಾರ. ದ ಹೂ 1982ರಲ್ಲೇ ವಿದಾಯ ಹೇಳಿತ್ತು. ಕಿಸ್ ತಂಡದ ವಿದಾಯ ಪ್ರವಾಸ 2000ದಲ್ಲಿ ನಡೆಯಿತು, ವೇದಿಕೆಯಿಂದ ಇಳಿದದ್ದು 2023ರ ಡಿಸೆಂಬರ್‌ನಲ್ಲಿ. ರಶ್ ಸುಮ್ಮನಿದ್ದದ್ದೇ ನನಗೆ ಹಿಡಿಸಿತು.

ಬಾಯಲ್ಲಿ ಹೇಳದ್ದನ್ನು ಅವರು ಕಛೇರಿಯ ಕಟ್ಟಿನಲ್ಲೇ ಹೇಳಿದ್ದರು. ಹಾಡುಗಳು ಹಿಂದುಮುಂದಾಗಿ ಬರುತ್ತಿದ್ದವು. ಮೊದಲಿಗೆ 2012ರ ಕೊನೆಯ ಆಲ್ಬಮ್ 'ಕ್ಲಾಕ್‌ವರ್ಕ್ ಏಂಜಲ್ಸ್'ನವು, ಆಮೇಲೆ ಅದಕ್ಕಿಂತ ಹಳೆಯವು, ಇನ್ನೂ ಹಳೆಯವು. ಹಾಡು ನಡೆಯುತ್ತಿರುವಾಗಲೇ ಕೆಲಸದವರು ವೇದಿಕೆಗೆ ಬಂದು ಆ ಕಾಲದ ಅಲಂಕಾರವನ್ನು ಕಳಚಿ ಹಿಂದಿನ ಕಾಲದ್ದನ್ನು ತಂದಿಡುತ್ತಾರೆ. ವಿರಾಮದ ಬಳಿಕ ಪಿಯರ್ಟ್ ಕೂರುವುದು ಎಪ್ಪತ್ತರ ದಶಕದ ಮಾದರಿಯ ಎರಡು ಬಾಸ್ ಡ್ರಮ್ಮುಗಳ ಹಿಂದೆ. ಧ್ವನಿಪೆಟ್ಟಿಗೆಗಳ ಗೋಡೆ ಕರಗುತ್ತ ಹೋಗಿ ಕಡೆಗೆ ಉಳಿಯುವುದು ಒಂದು ಹೈಸ್ಕೂಲಿನ ವ್ಯಾಯಾಮದ ಹಾಲ್, ಕುರ್ಚಿಗಳ ಮೇಲಿಟ್ಟ ಪುಟ್ಟ ಆಂಪ್ಲಿಫೈಯರುಗಳು. ಅರವತ್ತು ದಾಟಿದ ಮೂವರು ನಮ್ಮ ಕಣ್ಣೆದುರೇ ಹುಡುಗರಾಗುತ್ತಾರೆ. ಅಷ್ಟು ದುಡ್ಡು ಸುರಿದು ಕಟ್ಟಿದ್ದನ್ನು ಅಷ್ಟೇ ಶ್ರದ್ಧೆಯಿಂದ ಬಿಚ್ಚುವುದನ್ನು ನಾನು ಬೇರೆ ಯಾವ ತಂಡದಲ್ಲೂ ಕಂಡಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಚಿತ್ರ ಜೂನ್‌ನಲ್ಲಿ ಅವರ ಊರಾದ ಟೊರಾಂಟೊದಲ್ಲಿ ಹಿಡಿದದ್ದು. ನಾನು ಬಾಗಿಲು ಮುಚ್ಚಿಕೊಂಡು ನೋಡಿದೆ. ಲೈಫ್‌ಸನ್‌ರ ಕೀಲುಗಳಲ್ಲಿ ಸಂಧಿವಾತವಿತ್ತು. ಪಿಯರ್ಟ್‌ಗೆ ಸ್ನಾಯುರಜ್ಜುಗಳ ನೋವು ಹಳೆಯದು, ಪ್ರವಾಸದ ನಡುವೆ ಕಾಲಿಗೂ ಸೋಂಕು ತಗುಲಿತ್ತು. ಸುಮಾರು ಮೂರು ಗಂಟೆಯ ಕಛೇರಿಯಲ್ಲಿ ಒಂದು ಪೆಟ್ಟೂ ಅದನ್ನು ಹೇಳುವುದಿಲ್ಲ. ಹುಡುಕಿಕೊಂಡೇ ನೋಡಿದೆ, ಸಿಗಲಿಲ್ಲ.

ಕಟ್ಟಕಡೆಯ ಹಾಡು 'ವರ್ಕಿಂಗ್ ಮ್ಯಾನ್', 1974ರ ಮೊದಲ ಆಲ್ಬಮ್ಮಿನದು. ಕ್ಲೀವ್‌ಲ್ಯಾಂಡಿನ ರೇಡಿಯೊದಲ್ಲಿ ಡಾನಾ ಹಾಲ್ಪರ್ ಅದನ್ನು ಹಾಕಿದಾಗ ಕಾರ್ಖಾನೆಯ ಆ ಊರು ತನ್ನದೇ ಹಾಡೆಂದು ಅಪ್ಪಿಕೊಂಡಿತು, ಅಮೆರಿಕದ ಬಾಗಿಲು ತೆರೆದದ್ದು ಹಾಗೆ. ಆ ಆಲ್ಬಮ್ಮಿನಲ್ಲಿ ಡ್ರಮ್ಸ್ ಬಾರಿಸಿದವರು ಪಿಯರ್ಟ್ ಅಲ್ಲ, ಅವರಿಗಿಂತ ಮುಂಚೆ ಇದ್ದ ಜಾನ್ ರಟ್ಸಿ. ಅಂದರೆ ನಾಲ್ಕು ದಶಕ ಒಂದು ತಂಡದ ಬೆನ್ನೆಲುಬಾಗಿದ್ದವರು ಕಡೆಯ ಪೆಟ್ಟು ಹೊಡೆದದ್ದು ಇನ್ನೊಬ್ಬರ ಹಾಡಿಗೆ! ಇದನ್ನು ಯಾರಾದರೂ ಯೋಚಿಸಿ ಮಾಡಿದರೋ, ಹಿಂದಕ್ಕೆ ನಡೆಯುತ್ತ ಹೋದರೆ ತಾನಾಗಿ ಬರುವ ಊರು ಅದೋ, ಎರಡನೆಯದೇ ಇರಬೇಕು.

ಕಛೇರಿ ಮುಗಿದರೆ ಡ್ರಮ್ಸಿನ ಹಿಂದಿನಿಂದಲೇ ಹೊರಟುಬಿಡುವುದು ಪಿಯರ್ಟ್‌ರ ವಾಡಿಕೆಯಾಗಿತ್ತು. ಮುಂದೆ ಬಂದು ನಮಸ್ಕರಿಸುವುದು ಉಳಿದಿಬ್ಬರ ಪಾಲು. ನಾಚಿಕೆಯ ಮನುಷ್ಯ, ಅಭಿಮಾನಿಗಳಿಂದ ದೂರವಿದ್ದು ಊರಿಂದೂರಿಗೆ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದವರು. ಫೋರಂನ ಆ ರಾತ್ರಿ ಮಾತ್ರ ಎದ್ದು, ಡ್ರಮ್ಸನ್ನು ಸುತ್ತಿ ಬಂದು, ಗೆಳೆಯರಿಬ್ಬರನ್ನೂ ಅಪ್ಪಿಕೊಂಡು, ಜನರಿಗೆ ತಲೆಬಾಗಿದರು. ತಿಳಿದವರಿಗೆ ಅಷ್ಟರಲ್ಲೇ ಎಲ್ಲ ತಿಳಿಯಿತು.

ಅವರು ಹಿಂದೆಯೂ ಒಮ್ಮೆ ಬಿಟ್ಟಿದ್ದರು. 1997ರಲ್ಲಿ ಮಗಳು ಕಾರು ಅಪಘಾತದಲ್ಲಿ ಹೋದಳು, ಒಂದು ವರ್ಷ ತುಂಬುವ ಮೊದಲೇ ಹೆಂಡತಿಯೂ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೋಲು ಕೆಳಗಿಟ್ಟು ಉತ್ತರ ಅಮೆರಿಕದ ಉದ್ದಗಲಕ್ಕೂ ಬೈಕಿನಲ್ಲಿ ಸುತ್ತಿ, ಅದನ್ನು 'ಘೋಸ್ಟ್ ರೈಡರ್' ಎಂಬ ಪುಸ್ತಕವಾಗಿ ಬರೆದರು. 2002ರಲ್ಲಿ ಮರಳಿ ಬಂದರು. ಆದ್ದರಿಂದ 2015ರ ನಂತರವೂ ನನ್ನಂಥವರು ಆಸೆ ಇಟ್ಟುಕೊಂಡೇ ಇದ್ದೆವು. 2016ರಲ್ಲಿ ಅವರಿಗೆ ಮೆದುಳಿನ ಕ್ಯಾನ್ಸರ್ ಕಾಣಿಸಿಕೊಂಡದ್ದು ಹತ್ತಿರದವರಿಗಷ್ಟೇ ಗೊತ್ತಿತ್ತು. 2020ರ ಜನವರಿ 7ರಂದು ತೀರಿಕೊಂಡರು, ಸುದ್ದಿ ಮೂರು ದಿನ ತಡವಾಗಿ ಹೊರಬಂತು. ಅಂದು ನಾನು ಯಾವ ಹಾಡನ್ನೂ ಹಾಕಲಿಲ್ಲ. ಸ್ಟೀರಿಂಗ್ ಮೇಲೆ ಬೆರಳುಗಳು ತಾವಾಗಿ ಏಳು, ಏಳು, ಆರು ಎಣಿಸುತ್ತಿದ್ದವು, ಅದು ಬೇರೆ ಮಾತು.

ಕೈ ಮಾತು ಕೇಳುವಾಗಲೇ ಗೆಜ್ಜೆ ಬಿಚ್ಚಬೇಕೆಂದು ಎಲ್ಲರೂ ಹೇಳುತ್ತಾರೆ. ಬಿಚ್ಚಿದವರು ಕಡಿಮೆ. ಇನ್ನೂ ಒಂದಷ್ಟು ವರ್ಷ ಬಾರಿಸಬಹುದಿತ್ತಲ್ಲ ಎಂದು ಆಗ ಗೊಣಗಿದವರಲ್ಲಿ ನಾನೂ ಇದ್ದೆ. ಆದರೆ ಆ ಚಿತ್ರವನ್ನು ಈಗ ನೋಡುವಾಗ ಕರುಣೆಯಿಂದ ಕ್ಷಮಿಸಬೇಕಾದ ಒಂದು ಕ್ಷಣವೂ ಅದರಲ್ಲಿಲ್ಲ. ಹಿರಿಯ ಕಲಾವಿದರ ಎಷ್ಟು ಕಛೇರಿಗಳ ಬಗ್ಗೆ ಈ ಮಾತು ಹೇಳಲಾದೀತು?

2025ರ ಅಕ್ಟೋಬರ್‌ನಲ್ಲಿ ಲೀ ಮತ್ತು ಲೈಫ್‌ಸನ್ ಮತ್ತೆ ಹೊರಡುವುದಾಗಿ ಪ್ರಕಟಿಸಿದರು. ಡ್ರಮ್ಸಿಗೆ ಜರ್ಮನಿಯ ಅನಿಕಾ ನಿಲ್ಲೆಸ್. ಆರಂಭಕ್ಕೆ ಗೊತ್ತುಮಾಡಿದ್ದು 2026ರ ಜೂನ್ 7, ಅದೇ ಫೋರಂ. ಗೆಳೆಯರಲ್ಲಿ ಕೆಲವರಿಗೆ ಸಿಟ್ಟು ಬಂದಿದೆ. ನನಗಿಲ್ಲ. ಎಪ್ಪತ್ತು ದಾಟಿದ ಗೆಳೆಯರಿಬ್ಬರು ತಾವೇ ಕಟ್ಟಿದ ಹಾಡುಗಳನ್ನು ಇನ್ನೊಮ್ಮೆ ನುಡಿಸಲು ಯಾರ ಅಪ್ಪಣೆ ಬೇಕು? ನಿಲ್ಲೆಸ್ ಸೊಗಸಾಗಿ ಬಾರಿಸುತ್ತಾರೆ, ಅವರ ಕೈಯಲ್ಲಿ 'ವೈವೈಜೆಡ್' ಕೇಳುವ ಕುತೂಹಲ ನನಗೂ ಇದೆ. ಅದನ್ನು ಹೊಸ ತಂಡವೆಂದೇ ಕೇಳುತ್ತೇನೆ. ನನ್ನ ರಶ್ 2015ರ ಆಗಸ್ಟ್ 1ಕ್ಕೆ ಮುಗಿಯಿತು, ಸರಿಯಾದ ಹೊತ್ತಿಗೇ ಮುಗಿಯಿತು.