ಗೇರುಸೊಪ್ಪ: ಕಾಡು ಮುಚ್ಚಿದ ಊರಿನಲ್ಲಿ ಐದು ದಿನ

ಭಾಂಡುಪ್ ಪಶ್ಚಿಮದ ನಮ್ಮ ಮನೆಯ ಅಡುಗೆಮನೆ ಕಿಟಕಿಯಿಂದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ ಕಾಣುತ್ತದೆ. ಜೂನ್ ತಿಂಗಳಲ್ಲಿ ನಾಲ್ಕು ಮಳೆ ಬಿದ್ದು ಗುಡ್ಡ ಹಸಿರಾದ ಕೂಡಲೇ ಅಪ್ಪ ಪ್ರತಿವರ್ಷ ಹೇಳುವ ಮಾತು ಒಂದೇ: "ಥೇಟ್ ನಮ್ಮ ಗೇರುಸೊಪ್ಪ." ಅವರು ಊರು ಬಿಟ್ಟು ನಲವತ್ತು ವರ್ಷವಾಯಿತು. ಊರಿನ ಮನೆಯಲ್ಲಿ ಈಗ ಇರುವುದು ದೊಡ್ಡಾಯಿ ಒಬ್ಬರೇ. ಕಳೆದ ವರ್ಷ ಮಳೆಗಾಲದಲ್ಲಿ ಅವರು ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದರು. ಬೆಂಗಳೂರಿನಲ್ಲಿರುವ ಅಣ್ಣನಿಗೆ ರಜೆ ಸಿಗಲಿಲ್ಲ. ಹೇಗಾದರೂ ಒಪ್ಪಿಸಿ ದೊಡ್ಡಾಯಿಯನ್ನು ಭಾಂಡುಪ್‌ಗೆ ಕರೆತರುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಕಡೆಯವರಿಗೆ ದಾರಿ ಹೇಳಬೇಕಾಗಿಲ್ಲ. ಠಾಣೆಯಲ್ಲಿ ಮತ್ಸ್ಯಗಂಧಾ ಹತ್ತಿದೆ. ಮಳೆಗಾಲದ ವೇಳಾಪಟ್ಟಿಯಲ್ಲಿ ರೈಲು ಇನ್ನಷ್ಟು ನಿಧಾನ. ಕುಮಟಾದಲ್ಲಿ ಇಳಿದು, ಬಸ್ಸಿನಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿಂದ ಸಾಗರದ ಬಸ್ಸು ಹಿಡಿದೆ. ಶರಾವತಿ ಸಮುದ್ರ ಸೇರುವ ಜಾಗದಿಂದ ಹೊಳೆಯ ಪಕ್ಕದಲ್ಲೇ ಸುಮಾರು 30 ಕಿ.ಮೀ. ಒಳಗೆ ಹೋದರೆ ಗೇರುಸೊಪ್ಪ. ಅಲ್ಲಿಂದ ಮುಂದೆ ಘಟ್ಟ. ಘಟ್ಟದ ಮೇಲೆ ಕತ್ತಲೆಕಾನು. ರಾಮಪತ್ರೆ ಮರಗಳ ಬೇರು ಮಂಡಿಯ ಹಾಗೆ ನೀರಿನಿಂದ ಮೇಲೆದ್ದು ನಿಂತ ಜಡ್ಡಿಗಳು, ಸಿಂಗಳೀಕಗಳು ಇರುವ ಕಾಡು ಅದು. ಸಮುದ್ರದ ಗಾಳಿ ಹೊತ್ತು ತಂದ ಮೋಡವೆಲ್ಲ ಈ ಗೋಡೆಗೆ ಬಡಿದು ಇಳಿಯುತ್ತದೆ.

"ಮಳೆ ನೋಡಲೆ ಬಂದ್ಯನ ತಮಾ?" ಎಂದರು ದೊಡ್ಡಾಯಿ. ಕೈಗೆ ಕಟ್ಟು ಹಾಕಿಕೊಂಡೇ ಒಲೆಯ ಮುಂದೆ ಕೂತಿದ್ದರು. ನಾನು ಮಳೆ ನೋಡಲು ಬಂದವನಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಮೊದಲ ದಿನ ನಾನು ಮಾಡಿದ್ದು ಮಳೆ ನೋಡುವ ಕೆಲಸವನ್ನೇ. ಜಗಲಿಯಲ್ಲಿ ಕೂತು ವಿಡಿಯೊ ತೆಗೆದೆ, ಒಂದೆಲಗದ ತಂಬುಳಿ ಉಂಡೆ, ಕಾಲಿಗೆ ಹತ್ತಿದ ಉಂಬಳಕ್ಕೆ ಸುಣ್ಣ ಮುಟ್ಟಿಸಿದೆ. ಗುಡ್ಡದ ಮೇಲಿನಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರನ್ನು ನೋಡಿ, ಮೋಟಾರಿನ ಹಂಗಿಲ್ಲವಲ್ಲ ಎಂದು ಖುಷಿಪಟ್ಟೆ.

ಎರಡನೆಯ ದಿನ ಆ ನೀರು ನಿಂತಿತು. ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿತ್ತು. ಸೊಂಟದವರೆಗಿನ ಗಿಡಗಳ ನಡುವೆ ಅರ್ಧ ತಾಸು ಹತ್ತಿ ಹೋಗಿ ಬಿಡಿಸಿ ಬಂದೆ. ಮಳೆಗಾಲದಲ್ಲಿ ಇದು ವಾರಕ್ಕೆ ಎರಡು ಮೂರು ಸಲ ಇರುವ ಕೆಲಸವಂತೆ. ಸಂಜೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಮತ್ತೆ ಬರಲು ಎರಡು ದಿನ ಬೇಕಾಯಿತು. ಇದೇ ಗೇರುಸೊಪ್ಪದ ಅಣೆಕಟ್ಟಿನಲ್ಲಿ 240 ಮೆಗಾವ್ಯಾಟ್ ವಿದ್ಯುತ್ ಹುಟ್ಟುತ್ತದೆ. ನಗಬೇಕೆನಿಸಿತು, ಆದರೆ ನಗುವ ಹಕ್ಕು ನನಗಿಲ್ಲ. ಮುಂಬಯಿಗೆ ಕುಡಿಯುವ ನೀರು ಶುದ್ಧಮಾಡಿ ಕಳಿಸುವ ಸ್ಥಾವರ ನಮ್ಮ ಭಾಂಡುಪ್‌ನಲ್ಲೇ ಇದೆ. ಆ ನೀರು ಭಾತ್ಸಾ, ವೈತರಣಾ ಕಣಿವೆಗಳದ್ದು. ನಲ್ಲಿ ತಿರುಗಿಸುವಾಗ ಆ ಕಣಿವೆಯವರ ನೆನಪು ನನಗೆ ಯಾವತ್ತೂ ಬಂದದ್ದಿಲ್ಲ.

ಮೂರನೆಯ ದಿನ ತೋಟಕ್ಕೆ ಇಳಿದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಭಯ. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಹೊತ್ತಿಗೆ ಸರಿಯಾಗಿ ಹೊಡೆಯದಿದ್ದರೆ ಎಳೆಗಾಯಿ ಉದುರಿ ವರ್ಷದ ಫಸಲೇ ಹೋಗುತ್ತದೆ. ಮರ ಹತ್ತುವ ಕೊನೆಗೌಡರು ಈಗ ಸಿಗುವುದು ಕಷ್ಟ. ಸಿಕ್ಕವರು ಮಳೆ ಹೊಳವಾದ ದಿನವೇ ಬರಬೇಕು, ಆ ದಿನ ಅವರನ್ನು ಎಲ್ಲ ತೋಟದವರೂ ಕರೆಯುತ್ತಾರೆ. ಬೇಸಿಗೆಯಾದರೂ ಸುಖವೆ? ಆಗ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಅದು. 2019ರಲ್ಲಿ ಇಲ್ಲೇ ಘಟ್ಟದ ಮೇಲಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ತೆಗೆಯಿತು. ಇದರ ಮೇಲೆ, ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಚಿಂತೆ ಬೇರೆ. ಗುಡ್ಡ ಕೊರೆದರೆ ಅಬ್ಬಿ ನೀರು ಉಳಿದೀತೇ ಎಂಬುದು ಇಲ್ಲಿನವರ ಪ್ರಶ್ನೆ.

ನಾಲ್ಕನೆಯ ದಿನ ಮಳೆ ಸ್ವಲ್ಪ ಬಿಟ್ಟಿತು. ಹೊಳೆಯ ಆಚೆ ದಡದ ನಗರಬಸ್ತಿಕೇರಿಗೆ ಹೋದೆ. ಹೆಸರಿನಲ್ಲಿ ನಗರವಿದೆ, ಇರುವುದು ಕಾಡು. ಮರಗಳ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕೂ ಕಡೆ ಮುಖಮಾಡಿ ಕುಳಿತ ಜಿನಬಿಂಬಗಳು. ಯಾವ ಬಾಗಿಲಲ್ಲಿ ನಿಂತು ಹೊರಗೆ ನೋಡಿದರೂ ಮರ, ಬಳ್ಳಿ, ಹನಿ.

ಇಲ್ಲಿಂದಲೇ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ, ಆಳಿದಳು. ಈ ಕಾಡಿನ ಕಾಳುಮೆಣಸು ಹೊಳೆಯಲ್ಲಿ ಇಳಿದು ಹೊನ್ನಾವರದಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಕರೆದದ್ದೇ ಕಾಳುಮೆಣಸಿನ ರಾಣಿ ಎಂದು. ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆಯಲ್ಲಿಟ್ಟ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಇಕ್ಕೇರಿಗೆ ಹೋಗುವಾಗ ಈ ದಾರಿಯಲ್ಲೇ ಬಂದಿದ್ದ. ಅಷ್ಟರಲ್ಲಿ ಪಟ್ಟಣವೂ ಅರಮನೆಯೂ ಹಾಳುಬಿದ್ದು, ಮರಗಿಡ ಬೆಳೆದು, ಕೆಲವು ಗುಡಿಸಲುಗಳಷ್ಟೇ ಉಳಿದಿದ್ದವು ಎಂದು ಬರೆದಿದ್ದಾನೆ.

ಬಸದಿಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ. 1606ರಿಂದ 1623. ಬರೀ ಹದಿನೇಳು ವರ್ಷ! ನಾನು ಕೆಲಸಕ್ಕೆ ಸೇರಿಯೇ ಹೆಚ್ಚುಕಡಿಮೆ ಅಷ್ಟು ವರ್ಷವಾಗಿದೆ. ರಾಣಿಯ ಅರಮನೆಗೇ ಅಷ್ಟು ಸಾಕಾದರೆ, ಮಣ್ಣಿನ ಗೋಡೆ, ಹೆಂಚಿನ ಮಾಡು ಇರುವ ನಮ್ಮ ಮನೆಗೆ ಎಷ್ಟು ಮಳೆಗಾಲ ಬೇಕು? ದೊಡ್ಡಾಯಿಯನ್ನು ಕರೆದುಕೊಂಡು ಹೋಗಿ ಬೀಗ ಹಾಕಿದರೆ ಮನೆ ಅಲ್ಲೇ ಇರುತ್ತದೆ, ಬೇಕಾದಾಗ ಬಂದು ಹೋಗಬಹುದು ಎಂದು ನಾವೆಲ್ಲ ಫೋನಿನಲ್ಲಿ ಮಾತಾಡಿಕೊಂಡಿದ್ದೆವು. ಇಲ್ಲಿ ಮನೆ ತಾನಾಗಿ ಇರುವುದಿಲ್ಲ. ಯಾರೋ ಒಬ್ಬರು ದಿನಾ ಒಲೆ ಹಚ್ಚಿ, ಅಂಗಳ ಕೆರೆದು, ಕಾಡನ್ನು ಒಂದು ಮಾರು ಆಚೆ ತಳ್ಳುತ್ತಿದ್ದರೆ ಮಾತ್ರ ಅದು ಮನೆ.

ರಾತ್ರಿ ಚಿಮಣಿ ಬೆಳಕಿನಲ್ಲಿ ಭಾಂಡುಪ್‌ನ ಮಾತು ತೆಗೆದೆ. ಲಿಫ್ಟ್ ಇದೆ, ಆಸ್ಪತ್ರೆ ಹತ್ತಿರ, ಅಪ್ಪ ಇದ್ದಾರೆ, ಬಿದ್ದರೆ ಎತ್ತುವವರಿದ್ದಾರೆ ಎಂದೆ. ಎಲ್ಲವೂ ನಿಜವೇ. ದೊಡ್ಡಾಯಿ ಪೂರ್ತಿ ಕೇಳಿಸಿಕೊಂಡರು.

"ಯಂಗೆ ಇಲ್ಲೇ ಅಡ್ಡಿಲ್ಲೆ," ಎಂದರು. ಸ್ವಲ್ಪ ಹೊತ್ತು ಬಿಟ್ಟು, ಸೋರುವ ಮೂಲೆಗೆ ಇಟ್ಟ ಪಾತ್ರೆಯ ಕಡೆ ನೋಡಿ, "ಹೆಂಚು ಕೈಯಾಡ್ಸಲೆ ಮೇ ತಿಂಗಳಲ್ಲಿ ಬತ್ಯನಾ?" ಎಂದು ಕೇಳಿದರು.

ಹೂಂ ಎನ್ನಲೂ ಧೈರ್ಯ ಬರಲಿಲ್ಲ, ಇಲ್ಲ ಎನ್ನಲೂ ಬಾಯಿ ಬರಲಿಲ್ಲ. ಅವರು ಮತ್ತೆ ಬಿದ್ದರೆ? ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆಗಿದೆ. ಹೊರಡುವ ಮುಂಚೆ ಪಕ್ಕದ ಕೇರಿಯ ಹೆಂಗಸೊಬ್ಬರು ರಾತ್ರಿ ಬಂದು ಮಲಗುವ ಏರ್ಪಾಡು ಮಾಡಿದೆ. ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದೆ. ಅಟ್ಟ ಹತ್ತಿ ಒಡೆದ ಹೆಂಚುಗಳನ್ನು ಎಣಿಸಿದೆ.

ಒಬ್ಬನೇ ವಾಪಸು ಬಂದದ್ದು ನೋಡಿ ಅಪ್ಪ ಬೈಯುತ್ತಾರೆಂದುಕೊಂಡಿದ್ದೆ. ಅವರು ಕಿಟಕಿಯ ಆಚೆಗಿನ ಗುಡ್ಡ ನೋಡುತ್ತ ಕೇಳಿದ್ದು ಇಷ್ಟೆ: "ಎಷ್ಟು ಹೆಂಚು ಹೋಯ್ದು?"

"ಅರವತ್ತೆರಡು," ಎಂದೆ.

ಮೇ ತಿಂಗಳಿಗೆ ಎರಡು ವಾರ ರಜೆ ಹಾಕಿದ್ದೇನೆ. ಠಾಣೆಯಿಂದ ಎರಡು ಟಿಕೆಟ್.