ಮೀಟರೊಂದನ್ನೇ ನಂಬಬೇಡಿ

ಹಳೇ ಕಾರು ಕೊಳ್ಳಲು ಹೋದಾಗ ನಮ್ಮನೆಯವರ ಕಣ್ಣು ಮೀಟರಿನ ಮೇಲೆ, ನನ್ನದು ಬ್ರೇಕ್ ಪೆಡಲಿನ ರಬ್ಬರಿನ ಮೇಲೆ! ಒಂದು ಕಾರು ಬರೀ 30,000 ಕಿ.ಮೀ. ತೋರಿಸುತ್ತಿತ್ತು. ಅಷ್ಟೇ ಓಡಿದ್ದರೆ ರಬ್ಬರು ಸವೆದು ನುಣ್ಣಗಾಗುತ್ತಿತ್ತೇ, ನೀವೇ ಹೇಳಿ? ಇನ್ನೊಂದು 90,000 ಓಡಿತ್ತು. ಆದರೆ ಆಯಿಲ್ ಬದಲಿಸಿದ್ದೆಲ್ಲ ಸರ್ವಿಸ್ ಪುಸ್ತಕದಲ್ಲಿ ತಪ್ಪದೆ ಬರೆದಿತ್ತು. ವಾರಕ್ಕೆರಡು ಸಲ ಅತ್ತೆಯವರನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ದಾರಿಯಲ್ಲಿ ಕೆಟ್ಟು ನಿಂತರೆ ಗತಿಯೇನು? ಚೀಟಿ ದುಡ್ಡಿಗೆ ಎರಡನೆಯದನ್ನೇ ತಂದೆವು.

ಸೋದರಿಯರೇ, ಓಡದೆ ನಿಂತ ಕಾರಿನ ಟೈರೂ ಬಿರುಕು ಬಿಡುತ್ತದೆ. ನೀವು ಕೊಳ್ಳುವಾಗ ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ ಅಂತ ತಿಳಿಯಿರಿ. ನಂಬಿಕಸ್ಥ ಮೆಕ್ಯಾನಿಕ್‌ಗೂ ತೋರಿಸಿ. ಬದನೆಕಾಯಿಯನ್ನೇ ಹುಳುಕಿದೆಯಾ ಅಂತ ಹೊರಳಿಸಿ ನೋಡುವ ನಮಗೆ ಇದೇನು ಕಷ್ಟವೇ?